ಚಾಳಿನ ಬಾಗಿಲು ಡೊಂಬಿವಲಿಗೆ ಬರುವ ಮೊದಲು

ಪ್ರಶ್ನೆ: ನಮಸ್ಕಾರ ಸರ್. ನಾವು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಒಂದು ಬೆಡ್‌ರೂಮಿನ ಮನೆಯಲ್ಲಿದ್ದೇವೆ. ನಮ್ಮ ಮಾವನವರು ನಲವತ್ತು ವರ್ಷ ಇದ್ದ ಮುಂಬಯಿ ಪರೇಲಿನ ಚಾಳು (ಸಾಲು ಖೋಲಿಗಳ ಹಳೆ ಬಾಡಿಗೆ ಕಟ್ಟಡ) ರೀಡೆವಲಪ್‌ಮೆಂಟಿಗೆ ಹೋಗಿದೆ. ಮುಂದಿನ ತಿಂಗಳು ಕೆಡವುತ್ತಾರಂತೆ. ನಮ್ಮ ಖೋಲಿಯ ಎರಡು ಕದದ ಬಾಗಿಲು, ಕಿಟಕಿ, ಪೋಟ್‌ಮಾಳಾದ (ಖೋಲಿಯೊಳಗಿನ ಅಟ್ಟದ) ಹಲಗೆಗಳು, ಅಡುಗೆ ಕಟ್ಟೆಯ ಕಡಪ ಕಲ್ಲು, ಏನು ಬೇಕೋ ತೆಗೆದುಕೊಂಡು ಹೋಗಿ ಎಂದು ಕೆಡವುವವರು ಹೇಳಿದ್ದಾರೆ. ಇಬ್ಬರು ಮಕ್ಕಳಿಗೆ ಓದುವ ಟೇಬಲ್ ಮತ್ತು ಪುಸ್ತಕದ ಶೆಲ್ಫ್ ಆಗಬೇಕು. ಪ್ಲೈವುಡ್‌ನಲ್ಲಿ ಮಾಡಲು ಬಡಗಿ 38 ಸಾವಿರ ಹೇಳಿದ. ನಮ್ಮ ಹತ್ತಿರ ಒಂದು ಡ್ರಿಲ್ ಮಷಿನ್ ಬಿಟ್ಟರೆ ಬೇರೇನೂ ಇಲ್ಲ. ನಾವೇ ಮಾಡಬಹುದಾ? ನಿಜವಾಗಿ ಉಳಿತಾಯ ಆಗುತ್ತದಾ? ಮನೆಯವರು “ಕಸ ತಂದು ಮನೆ ತುಂಬಬೇಡ” ಎನ್ನುತ್ತಿದ್ದಾರೆ.

ಉತ್ತರ: ಮಾಡಬಹುದು. ಉಳಿತಾಯವೂ ಆಗುತ್ತದೆ. ಆದರೆ ನಿಮ್ಮ ಯಜಮಾನರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಪುಕ್ಕಟೆ ಸಿಗುತ್ತದೆ ಎಂದು ಎಲ್ಲವನ್ನೂ ಟೆಂಪೋಕ್ಕೆ ತುಂಬಿದರೆ ಅದು ಕಸವೇ. ಬಾಗಿಲಿನ ಎರಡು ಕದ ಮತ್ತು ಪೋಟ್‌ಮಾಳಾದ ಒಳ್ಳೆಯ ಆರೇಳು ಹಲಗೆ ತನ್ನಿ. ಕಿಟಕಿ, ಬಾಗಿಲುವಾಡ, ಅಡುಗೆ ಕಟ್ಟೆ ಅಲ್ಲೇ ಇರಲಿ. ಹಾಗ್ಯಾಕೆ ಎಂದು ಹೇಳುತ್ತೇನೆ.

ನಾನು ಕುಂದಾಪುರದ ಕಡೆಯವನು. ಈ ಊರಿಗೆ ಬಂದು ಬಡಗಿ ಕೆಲಸ ಕಲಿತು, ಆಮೇಲೆ ಸೈಟ್ ಸೂಪರ್‌ವೈಸರ್ ಆಗಿ ಮೂವತ್ತೈದು ವರ್ಷ ದುಡಿದೆ. ಅಷ್ಟರಲ್ಲಿ ಹಳೆ ಮರದ ಬಗ್ಗೆ ಗಟ್ಟಿಯಾಗಿ ಕಲಿತದ್ದು ಒಂದೇ. ಹೊಸ ಪ್ಲೈ ಆದರೆ ಮೊದಲು ಚಿತ್ರ ಬರೆಯುತ್ತೇವೆ, ಆಮೇಲೆ ಸಾಮಾನು ತರುತ್ತೇವೆ. ಹಳೆ ಮರಕ್ಕೆ ಇದು ಉಲ್ಟಾ. ಕೈಗೆ ಬಂದ ಹಲಗೆ ಎಷ್ಟು ಉದ್ದ ಇದೆ, ಎಲ್ಲಿ ಕೆಟ್ಟಿದೆ, ಎಲ್ಲಿ ಮೊಳೆ ಇದೆ ಎಂದು ನೋಡಿ, ಅದು ಏನಾಗಲು ಒಪ್ಪುತ್ತದೋ ಅದನ್ನು ಮಾಡಬೇಕು. ಮೊಬೈಲಿನಲ್ಲಿ ನೋಡಿದ ಟೇಬಲ್ಲೇ ಬೇಕು ಎಂದು ಹಳೆ ಬಾಗಿಲನ್ನು ಕತ್ತರಿಸಲು ಹೊರಟರೆ, ಕೊನೆಗೆ ಬಾಗಿಲೂ ಇಲ್ಲ, ಟೇಬಲ್ಲೂ ಇಲ್ಲ.

ಮೊದಲ ಅಳತೆ ಚಾಳಿನಲ್ಲಿ ಅಲ್ಲ, ನಿಮ್ಮ ಕಟ್ಟಡದಲ್ಲಿ. ಲಿಫ್ಟಿನ ಒಳಗಿನ ಎತ್ತರ ಎಷ್ಟು, ಮೆಟ್ಟಿಲು ತಿರುಗುವ ಕಡೆ ಜಾಗ ಎಷ್ಟು, ಅಳೆದು ಬರೆದಿಡಿ. ನಾನು ಒಮ್ಮೆ ಜೋಗೇಶ್ವರಿಯ ಓಶಿವರಾ ಫರ್ನಿಚರ್ ಮಾರ್ಕೆಟಿನಿಂದ ಏಳೂವರೆ ಅಡಿಯ ಒಂದು ಕೆತ್ತನೆ ಬಾಗಿಲನ್ನು ಹುರುಪಿನಲ್ಲಿ ಹೊತ್ತು ತಂದೆ. ಲಿಫ್ಟಿಗೆ ಹಿಡಿಯಲಿಲ್ಲ. ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಹಿಂದಕ್ಕೆ ಇಳಿಸಲು ನಾಲ್ಕು ಜನ ಬೇಕಾಯಿತು. ಆ ಬಾಗಿಲು ಇವತ್ತಿಗೂ ನಮ್ಮ ಸೊಸೈಟಿಯ ವಾಚ್‌ಮನ್ ಕ್ಯಾಬಿನ್ನಿನಲ್ಲಿದೆ. ಅಷ್ಟು ಚಂದದ ಬಾಗಿಲಿರುವ ವಾಚ್‌ಮನ್ ಕ್ಯಾಬಿನ್ ಮುಂಬಯಿಯಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ಎರಡನೆಯದು, ಹಕ್ಕು. ರೀಡೆವಲಪ್‌ಮೆಂಟಿನಲ್ಲಿ ಹಳೆ ಮರ, ಕಬ್ಬಿಣ, ಹೆಂಚು ಎಲ್ಲ ಸಾಮಾನ್ಯವಾಗಿ ಕೆಡವುವ ಗುತ್ತಿಗೆ ಹಿಡಿದವನ ಪಾಲು. ಅವನ ಲಾಭ ಇರುವುದೇ ಅದರಲ್ಲಿ. ಬಾಯಿ ಮಾತಿನಲ್ಲಿ “ತಗೊಂಡು ಹೋಗಿ” ಎಂದವನು ಟೆಂಪೋ ಬಂದ ದಿನ ಬೇರೆ ಮಾತಾಡಬಹುದು. ಖೋಲಿ ನಂಬರ್ ಹಾಕಿ, ಯಾವ ಯಾವ ಸಾಮಾನು ಎಂದು ಒಂದು ಚೀಟಿಯಲ್ಲಿ ಬರೆಸಿ ಸಹಿ ಮಾಡಿಸಿಕೊಳ್ಳಿ. ಕೆಡವುವುದು ಮಾಡಿನಿಂದ, ಅಂದರೆ ಛಾವಣಿಯಿಂದ, ಶುರುವಾಗುತ್ತದೆ. ಹೆಂಚು ಇಳಿದ ಮೇಲೆ ಒಂದು ಮಳೆ ಬಿದ್ದರೂ ನಿಮ್ಮ ಹಲಗೆ ನೆನೆದು ಹೋಗುತ್ತದೆ. ಅದಕ್ಕೂ ಮೊದಲೇ ಹೋಗಿ.

ಈಗ ಮರ. ಹಳೆ ಮುಂಬಯಿಯ ಮರ ಎಂದರೆ ವ್ಯಾಪಾರಿಗಳ ಬಾಯಲ್ಲಿ ಎಲ್ಲವೂ “ಬರ್ಮಾ ಸಾಗ್”. ಬ್ರಿಟಿಷರ ಕಾಲದಲ್ಲಿ ಬರ್ಮಾದಿಂದ ತೇಗ ಹಡಗಿನಲ್ಲಿ ಬಂದು ಇಲ್ಲಿಯ ಕಟ್ಟಡಗಳಿಗೆ ಹೋದದ್ದು ನಿಜ. ಹಾಗಂತ ಪ್ರತಿ ಚಾಳಿನ ಪ್ರತಿ ಹಲಗೆಯೂ ತೇಗ ಅಲ್ಲ. ಬಾಗಿಲು ತೇಗ ಇರುವ ಸಾಧ್ಯತೆ ಜಾಸ್ತಿ. ಪೋಟ್‌ಮಾಳಾ ಮಾತ್ರ ಬಾಡಿಗೆದಾರರೇ ಆಮೇಲೆ ಹಾಕಿಸಿಕೊಂಡದ್ದು, ಅಲ್ಲಿ ಪೆಟ್ಟಿಗೆಯ ದೇವದಾರು ಮರವೂ ಸಿಗುತ್ತದೆ. ಹಲಗೆಯ ಹಿಂಬದಿ ಒಂದು ಮೂಲೆಯಲ್ಲಿ ಚಾಕುವಿನಿಂದ ಹೆರೆಯಿರಿ. ತೇಗ ಆದರೆ ಒಳಗೆ ಜೇನುಬಣ್ಣ ಕಾಣುತ್ತದೆ. ಬೆರಳಿಗೆ ಸಣ್ಣಗೆ ಎಣ್ಣೆಜಿಡ್ಡು ಹತ್ತುತ್ತದೆ. ಮೂಗಿನ ಹತ್ತಿರ ಹಿಡಿದರೆ ಹಳೆ ಚರ್ಮದಂಥ ವಾಸನೆ. ದೇವದಾರು ಹಗುರ, ಬಿಳಚು, ಉಗುರು ಒತ್ತಿದರೆ ಗೀರು ಬೀಳುತ್ತದೆ. ದೇವದಾರು ಎಂದ ಮಾತ್ರಕ್ಕೆ ಬಿಸಾಡಬೇಕಿಲ್ಲ. ಮಕ್ಕಳ ಬಟ್ಟೆ, ಆಟದ ಸಾಮಾನು ಇಡುವ ಶೆಲ್ಫಿಗೆ ಸಾಕು. ಪುಸ್ತಕದ ಭಾರಕ್ಕೆ ಬೇಡ.

ಆಮೇಲೆ ಹುಳ. ಒಂದು ಸ್ಕ್ರೂಡ್ರೈವರ್ ತಗೊಂಡು ಹಲಗೆಯ ತುದಿಗಳನ್ನು, ಗೋಡೆಯೊಳಗೆ ಕೂತಿದ್ದ ಭಾಗವನ್ನು ಚುಚ್ಚಿ ನೋಡಿ. ಗೆದ್ದಲು ತಿಂದಿದ್ದರೆ ಮೇಲೆ ಬಣ್ಣ ಚೆನ್ನಾಗಿರುತ್ತದೆ, ಒಳಗೆ ಸ್ಕ್ರೂಡ್ರೈವರ್ ಸರಕ್ಕನೆ ಇಳಿಯುತ್ತದೆ. ಗುಂಡುಸೂಜಿ ತಲೆಯಷ್ಟು ದುಂಡು ತೂತುಗಳಿದ್ದರೆ ಅದು ಕೊರೆಯುವ ಹುಳ. ಕೆಳಗೆ ಕಪ್ಪು ಕಾಗದ ಹಾಸಿ ಹಲಗೆಗೆ ಸುತ್ತಿಗೆಯಿಂದ ಎರಡು ಪೆಟ್ಟು ಕೊಡಿ. ಹೊಸ ಬಿಳಿ ಪುಡಿ ಉದುರಿದರೆ ಹುಳ ಇನ್ನೂ ಬದುಕಿದೆ, ಆ ಹಲಗೆ ಮನೆಗೆ ಬೇಡ. ತೇಗದ ನಡುಮರವನ್ನು ಹುಳ ಸುಲಭಕ್ಕೆ ಮುಟ್ಟುವುದಿಲ್ಲ. ಅಂಚಿನ ಬಿಳಿ ಭಾಗವನ್ನು ತಿನ್ನುತ್ತದೆ. ಅಂಚು ಮಾತ್ರ ಹೋಗಿದ್ದರೆ ಅಷ್ಟು ಸೀಳಿ ತೆಗೆದರೆ ಆಯಿತು.

ಯಾರೂ ಹೇಳದ ಒಂದು ವಿಷಯ: ತಿಗಣೆ. ಚಾಳಿನ ಮರ ಎಂದರೆ ತಿಗಣೆಯ ವಂಶವೃಕ್ಷ. ಬಿಜಾಗಿರಿಯ ಸ್ಕ್ರೂ ತೂತು, ಪಟ್ಟಿ ಪಟ್ಟಿ ಸೇರುವ ಸಂದು, ಹಳೆ ಮೊಳೆಯ ಪಕ್ಕ, ಅಲ್ಲೆಲ್ಲ ಕಪ್ಪು ಚುಕ್ಕೆ ಇದೆಯಾ ನೋಡಿ. ಇದ್ದರೆ ಮೆಟ್ಟಿಲು ಹತ್ತಿಸಲೇಬೇಡಿ. ಕೆಳಗೆ ಕಂಪೌಂಡಿನಲ್ಲೇ ಕುದಿಯುವ ನೀರನ್ನು ಕೆಟಲಿನಿಂದ ಆ ಸಂದುಗಳಿಗೆ ನಿಧಾನವಾಗಿ ಎರಡು ಮೂರು ಸಲ ಹೊಯ್ಯಿರಿ. ನೀರು ಸಂದಿನ ಒಳಗೆ ಇಳಿಯಬೇಕು, ಮೇಲಿಂದ ಹರಿದು ಹೋದರೆ ಪ್ರಯೋಜನ ಇಲ್ಲ. ಮರ 50 ಡಿಗ್ರಿ ದಾಟಿ ಬಿಸಿಯಾಗಿ ಸ್ವಲ್ಪ ಹೊತ್ತು ಹಾಗೇ ಇದ್ದರೆ ತಿಗಣೆಯೂ ಸಾಯುತ್ತದೆ, ಮೊಟ್ಟೆಯೂ ಸಾಯುತ್ತದೆ. ಆಮೇಲೆ ಬಿಸಿಲು. ಬರೀ ಸೀಮೆಎಣ್ಣೆ ಒರೆಸಿದರೆ ಹೋಗುತ್ತದೆ ಎಂದು ಅತ್ತೆ ಹೇಳಬಹುದು. ಕೇಳಿಸಿಕೊಳ್ಳಿ, ಆದರೆ ನೀರು ಕಾಯಿಸಿ.

ಇನ್ನು ಕೆಲಸದ ಅರ್ಧ ಪಾಲು ತಿನ್ನುವುದು ಮೊಳೆ. ಮರವನ್ನು ಸಾ ಮಿಲ್ಲಿಗೆ ಒಯ್ದು ರಂಧಾ ಹೊಡೆಸೋಣ, ಅಂದರೆ ಹೆರೆಸಿ ನಯ ಮಾಡಿಸೋಣ, ಎಂದುಕೊಂಡಿದ್ದರೆ, ಹಳೆ ಮರ ನೋಡಿದ ಕೂಡಲೇ ಮಿಲ್ಲಿನವನು ಕೈ ಆಡಿಸುತ್ತಾನೆ. ಒಳಗೆ ಒಂದು ಮುರಿದ ಮೊಳೆ ಉಳಿದಿದ್ದರೂ ಅವನ ಬ್ಲೇಡ್ ಹೋಯಿತು. ಕೆಟ್ಟ ಸ್ಪೀಕರಿನ ಮ್ಯಾಗ್ನೆಟ್ ಒಂದು ತಗೊಳ್ಳಿ, ಗುಜರಿಯಲ್ಲಿ ಸಿಗುತ್ತದೆ. ದಾರಕ್ಕೆ ಕಟ್ಟಿ ಹಲಗೆಯ ಮೇಲೆ ನಿಧಾನವಾಗಿ ಎಳೆಯಿರಿ. ಬಣ್ಣದ ಕೆಳಗೆ ಮುಚ್ಚಿಹೋದ ಮೊಳೆ ಇರುವ ಕಡೆ ಅದು ತಟ್ ಎಂದು ಕೂರುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಮಕ್ಕಳಿಗೆ ಈ ಕೆಲಸ ಕೊಡಿ, ಜಗಳವಾಡುತ್ತಾ ಮಾಡುತ್ತಾರೆ.

ಮೊಳೆ ತೆಗೆಯುವಾಗ ತಲೆಯಿಂದ ಶುರು ಮಾಡಬೇಡಿ. ಹಲಗೆ ತಿರುಗಿಸಿ, ಚೂಪು ತುದಿಗೆ ಸುತ್ತಿಗೆ ಹೊಡೆದು ತಲೆಯನ್ನು ಕಾಲಿಂಚು ಮೇಲೆ ಏಳಿಸಿ. ಆಮೇಲೆ ಜಂಬೂರಿನಿಂದ, ಅದೇ ನಮ್ಮೂರ ಇಕ್ಕಳದಿಂದ, ಹಿಡಿದು ಎತ್ತಿ. ಇಕ್ಕಳದ ಕೆಳಗೆ ಒಂದು ಮರದ ಚೂರು ಇಟ್ಟುಕೊಂಡರೆ ಹಲಗೆಗೆ ಗಾಯ ಆಗುವುದಿಲ್ಲ, ಮೊಳೆಯೂ ನೇರವಾಗಿ ಬರುತ್ತದೆ. ತಲೆ ಮುರಿದರೆ ಹೆದರಬೇಡಿ, ದಪ್ಪ ಮೊಳೆಯೊಂದರ ತುದಿ ಮೊಂಡು ಮಾಡಿ ಅದನ್ನೇ ಪಂಚ್ ಮಾಡಿ ಆಚೆಗೆ ಹೊಡೆದು ಹೊರಡಿಸಿ. ಬಿಜಾಗಿರಿಯ ತುಕ್ಕು ಹಿಡಿದ ಸ್ಕ್ರೂ ತಿರುಗದಿದ್ದರೆ ಸೋಲ್ಡರಿಂಗ್ ಕಡ್ಡಿಯ ತುದಿಯನ್ನು ಅದರ ತಲೆಗೆ ಎರಡು ನಿಮಿಷ ಒತ್ತಿ ಹಿಡಿಯಿರಿ. ಬಿಸಿಗೆ ಹಿಗ್ಗಿ, ತಣಿದು ಕುಗ್ಗುವಾಗ ತುಕ್ಕಿನ ಹಿಡಿತ ಬಿಡುತ್ತದೆ. ಮೊದಲು ತಲೆಯ ಗೀರಿನಲ್ಲಿರುವ ಬಣ್ಣ ಕೆರೆದು ತೆಗೆಯಲು ಮರೆಯಬೇಡಿ, ಇಲ್ಲವಾದರೆ ಸ್ಕ್ರೂಡ್ರೈವರ್ ಜಾರಿ ಕೈಗೆ ಬರುತ್ತದೆ.

ಬಣ್ಣದ ಮಾತು ಬಂತು. ಇಲ್ಲಿ ನಾನು ಕಟ್ಟುನಿಟ್ಟು. ಚಾಳಿನ ಬಾಗಿಲಿಗೆ ಹಬ್ಬಕ್ಕೊಂದು ಸಲ ಎಂದು ಆಯಿಲ್ ಪೇಂಟ್ ಬಳಿದಿರುತ್ತಾರೆ. ಕೆರೆದರೆ ಹಸಿರು, ಅದರ ಕೆಳಗೆ ನೀಲಿ, ಅದರ ಕೆಳಗೆ ಕಾಫಿ ಬಣ್ಣ. ಹಳೆ ಆಯಿಲ್ ಪೇಂಟಿನಲ್ಲಿ ಸೀಸ ಇರುತ್ತಿತ್ತು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಸೀಸದ ಧೂಳು ಮಕ್ಕಳ ಮಿದುಳಿಗೆ ಕೆಟ್ಟದ್ದು. ಹಾಗಾಗಿ ಒಣಗಿದ ಬಣ್ಣವನ್ನು ಪಾಲಿಶ್ ಪೇಪರಿನಿಂದಾಗಲೀ ಮಷಿನಿನಿಂದಾಗಲೀ ಉಜ್ಜಲೇಬಾರದು. ಬೆಂಕಿ ಹಿಡಿದು ಸುಡುವುದಂತೂ ಬೇಡವೇ ಬೇಡ. ಪೇಂಟ್ ರಿಮೂವರ್ ಹಚ್ಚಿ, ಬಣ್ಣ ಗುಳ್ಳೆ ಎದ್ದ ಮೇಲೆ ಒದ್ದೆಯಾಗಿಯೇ ಹೆರೆದು ತೆಗೆಯಿರಿ. ಗಾಳಿಯಾಡುವ ಜಾಗ, ಕೈಗವಸು, ಒಳ್ಳೆಯ ಮಾಸ್ಕ್ ಇರಲಿ, ಮಕ್ಕಳು ದೂರ ಇರಲಿ. ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ. ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ನಿಮ್ಮ ಎರಡು ಭಾನುವಾರ ಇದಕ್ಕೇ ಹೋಗುತ್ತದೆ.

ಪೋಟ್‌ಮಾಳಾದ ಹಲಗೆಗೆ ಬಣ್ಣ ಇರುವುದಿಲ್ಲ, ಸ್ಟವ್‌ನ ಮಸಿ ಇರುತ್ತದೆ. ಬೆಚ್ಚಗಿನ ನೀರಿಗೆ ಬಟ್ಟೆ ಸೋಡಾ ಹಾಕಿ ತೆಂಗಿನ ನಾರಿನಿಂದ ತಿಕ್ಕಿದರೆ ಕಾಫಿ ಡಿಕಾಕ್ಷನ್ನಿನಂಥ ನೀರು ಇಳಿಯುತ್ತದೆ. ತೊಳೆದ ಮೇಲೆ ನೆರಳಿನಲ್ಲಿ, ಹಲಗೆ ಹಲಗೆಯ ನಡುವೆ ಕಡ್ಡಿ ಇಟ್ಟು, ಗಾಳಿಯಾಡುವಂತೆ ಹದಿನೈದು ದಿನ ಬಿಡಿ. ಮಳೆಗಾಲದಲ್ಲಿ ಅಷ್ಟೂ ಸಾಲದು. ಹಸಿ ಹಲಗೆಗೆ ಸ್ಕ್ರೂ ಹಾಕಿದರೆ ಅಕ್ಟೋಬರಿನ ಸೆಕೆಗೆ ಅದು ಒಣಗಿ ಬಾಗುತ್ತದೆ.

ಈಗ ಟೇಬಲ್. ನಿಮ್ಮ ಬಾಗಿಲು ಮೂರಡಿ ಅಗಲ, ಆರೂವರೆ ಅಡಿ ಎತ್ತರ ಇರಬಹುದು. ಅಂದರೆ ಒಂದೊಂದು ಕದ 18 ಇಂಚು ಅಗಲ. ಗೋಡೆಗೆ ಮಡಚುವ ಓದುವ ಟೇಬಲ್ಲಿಗೆ ಹೇಳಿ ಮಾಡಿಸಿದ ಅಗಲ ಇದು. ಉದ್ದ ಮಾತ್ರ ಕಡಿಮೆ ಮಾಡಬೇಕು. ಎಲ್ಲರೂ ತಪ್ಪುವುದು ಇಲ್ಲೇ. ಕದವನ್ನು ಸರಿಯಾಗಿ ನೋಡಿ. ಎರಡು ಬದಿಗೆ ಉದ್ದ ಪಟ್ಟಿ. ಮೇಲೆ, ಕೆಳಗೆ, ನಡುವೆ ಅಡ್ಡ ಪಟ್ಟಿ. ಅಡ್ಡ ಪಟ್ಟಿಯ ತುದಿಗಳು ಉದ್ದ ಪಟ್ಟಿಯ ಕಂಡಿಯೊಳಗೆ ಕೂತು ಮರದ ಗೂಟದಿಂದ ಬಿಗಿಯಾಗಿವೆ. ನಡುವಿನ ತೆಳು ಹಲಗೆ ಸುಮ್ನೆ ತೋಡಿನಲ್ಲಿ ಕೂತಿದೆ, ಅದಕ್ಕೆ ಯಾವ ಬಲವೂ ಇಲ್ಲ. ಎಲ್ಲೆಂದರಲ್ಲಿ ಗರಗಸ ಹಾಕಿದರೆ ಕತ್ತರಿಸಿದ ಬದಿಯಲ್ಲಿ ಅಡ್ಡ ಪಟ್ಟಿಯೇ ಇರುವುದಿಲ್ಲ. ಆ ತುದಿ ಆರು ತಿಂಗಳಲ್ಲಿ ಬಾಯಿ ಬಿಡುತ್ತದೆ.

ನಡುವಿನ ಅಡ್ಡ ಪಟ್ಟಿ, ಅಂದರೆ ಚಿಲಕ ಇದ್ದ ಪಟ್ಟಿ, ಅದರ ಕೆಳಅಂಚಿಗೆ ತಾಗಿ ಕತ್ತರಿಸಿ. ಸಾಮಾನ್ಯವಾಗಿ ಆ ಅಂಚು ನೆಲದಿಂದ ಸುಮಾರು ಎರಡೂವರೆ ಅಡಿಗೆ ಬರುತ್ತದೆ. ಮೇಲಿನ ಭಾಗ ನಾಲ್ಕಡಿ ಉಳಿಯುತ್ತದೆ. ಎರಡು ತುದಿಗೂ ಪಟ್ಟಿ, ನಾಲ್ಕು ಮೂಲೆಯಲ್ಲೂ ಹಳೆ ಜೋಡಣೆ ಹಾಗೇ ಇರುತ್ತದೆ. ನಿಮ್ಮ ಬಾಗಿಲಿನಲ್ಲಿ ಆ ಪಟ್ಟಿ ಬೇರೆ ಎತ್ತರಕ್ಕಿದ್ದರೆ ಟೇಬಲಿನ ಉದ್ದವೂ ಬೇರೆ ಆಗಲಿ. ಮರ ಹೇಳಿದಂತೆ ಕೇಳಬೇಕು ಎಂದೆನಲ್ಲ, ಇದಕ್ಕೇ. ತೆಳು ಹಲಗೆ ತಗ್ಗಿನಲ್ಲಿರುವುದರಿಂದ ಬರೆಯುವಾಗ ಪೆನ್ಸಿಲ್ ಅಲ್ಲಿ ಬೀಳುತ್ತದೆ. ತಗ್ಗಿನ ಆಳ ಅಳೆದು ಅಷ್ಟೇ ದಪ್ಪದ ಪ್ಲೈ ತುಂಡು ಕೂರಿಸಿ. ಸಂದಿಗೆ ಮರದ ಹೊಟ್ಟು ಮತ್ತು ಫೆವಿಕಾಲ್ ಕಲಸಿ ತುಂಬಿ. ತೇಗದ ಎಣ್ಣೆಗೆ ಫೆವಿಕಾಲ್ ಸರಿಯಾಗಿ ಹಿಡಿಯುವುದಿಲ್ಲ. ಅಂಟಿಸುವ ಮೊದಲು ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿಬಿಡಿ.

ಮೊದಲು ಒಂದೇ ಕದ ಮಾಡಿ. ತಪ್ಪುಗಳೆಲ್ಲ ಅದರಲ್ಲಿ ಆಗಲಿ. ಎರಡನೇ ಮಗುವಿನ ಟೇಬಲ್ ತಾನಾಗಿ ಚೆನ್ನಾಗಿ ಬರುತ್ತದೆ.

ಗೋಡೆಗೆ ಹಾಕುವ ಮುಂಚೆ ಗೋಡೆ ಯಾವುದು ಎಂದು ತಿಳಿಯಬೇಕು. ಸಣ್ಣ ತೂತು ಕೊರೆದು ಪುಡಿ ನೋಡಿ. ಕೆಂಪು ಬಂದರೆ ಇಟ್ಟಿಗೆ, ನಿಶ್ಚಿಂತೆ. ಬೂದು ಬಣ್ಣದ ಮೆತ್ತನೆ ಪುಡಿ, ಡ್ರಿಲ್ ಬೆಣ್ಣೆಗೆ ಹೋದಂತೆ ಹೋದರೆ ಸಿಪೋರೆಕ್ಸ್ ಥರದ ಹಗುರ ಬ್ಲಾಕ್. ಅದಕ್ಕೆ ಹ್ಯಾಮರ್ ಮೋಡ್ ಹಾಕಬೇಡಿ, ತೂತು ದೊಡ್ಡದಾಗಿ, ಸ್ಕ್ರೂ ಹಿಡಿಯಲು ಒಳಗೆ ಹಾಕುವ ಪ್ಲಗ್ ಅಲ್ಲಾಡುತ್ತದೆ. ಆ ಬ್ಲಾಕಿಗೆಂದೇ ಬರುವ ಉದ್ದ ನೈಲಾನ್ ಪ್ಲಗ್ ಕೇಳಿ. ಡ್ರಿಲ್ ಕಿರುಚುತ್ತಾ ಮುಂದೆ ಹೋಗದಿದ್ದರೆ ಅದು ಕಾಂಕ್ರೀಟ್. ಕಂಬ, ತೊಲೆ ಇರಬಹುದು, ಜಾಗ ಬದಲಿಸಿ. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಕೊರೆಯಬೇಡಿ. ಗೋಡೆಗೆ ಮೊದಲು ನಾಲ್ಕಡಿಯ ಒಂದು ಗಟ್ಟಿ ಪಟ್ಟಿಯನ್ನು ನಾಲ್ಕು ಕಡೆ ಬಿಗಿದು, ಬಿಜಾಗಿರಿಯಿಂದ ಕದವನ್ನು ಆ ಪಟ್ಟಿಗೆ ಸೇರಿಸಿ. ಕೆಳಗೆ ಮಡಚುವ ಬ್ರ್ಯಾಕೆಟ್ ಎರಡು. ಕದದ ತೂಕವೇ ಸುಮಾರು ಹತ್ತು ಕಿಲೋ ಇರುತ್ತದೆ. ಅದರ ಮೇಲೆ ಮಕ್ಕಳು ಹತ್ತಿ ಕೂರುವುದೂ ಗ್ಯಾರಂಟಿ. ಅದನ್ನೂ ಲೆಕ್ಕ ಹಾಕಿ ಬ್ರ್ಯಾಕೆಟ್ ತನ್ನಿ.

ಶೆಲ್ಫ್ ಸುಲಭ. ಏಳಡಿ ಉದ್ದ, ಒಂಬತ್ತು ಇಂಚು ಅಗಲ, ಒಂದು ಇಂಚು ದಪ್ಪದ ಹಲಗೆಯಿಂದ ಸುಮಾರು 28 ಇಂಚಿನ ಮೂರು ತುಂಡು ಬರುತ್ತವೆ. ಅದಕ್ಕಿಂತ ಉದ್ದ ಬಿಡಬೇಡಿ. ಪುಸ್ತಕ ತುಂಬಿದ ಹಲಗೆಯ ಉದ್ದ ಎರಡು ಪಟ್ಟಾದರೆ ಅದು ಬಗ್ಗುವುದು ಹದಿನಾರು ಪಟ್ಟು. ಎರಡು ನಿಲುವು ಹಲಗೆ, ಒಳಬದಿಗೆ ಸಣ್ಣ ಪಟ್ಟಿಗಳು, ಅದರ ಮೇಲೆ ಅಡ್ಡ ಹಲಗೆ. ತೂತು ಕೊರೆಯದೆ ತೇಗಕ್ಕೆ ಸ್ಕ್ರೂ ನುಗ್ಗಿಸಿದರೆ ಹಲಗೆ ಸೀಳುತ್ತದೆ ಅಥವಾ ಸ್ಕ್ರೂ ಮುರಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂವೇ ಇರಲಿ, ನಮ್ಮ ಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲ. ಶೆಲ್ಫಿನ ತಲೆಯನ್ನು ಗೋಡೆಗೆ ಬಿಗಿಯಿರಿ, ಮಕ್ಕಳು ಅದನ್ನು ಏಣಿ ಮಾಡಿಕೊಳ್ಳುತ್ತಾರೆ.

ಮೆರುಗಿಗೆ ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ಎರಡು ಮೂರು ಸಲ ತೆಳ್ಳಗೆ ಒರೆಸಿದರೆ ಸಾಕು. ಮಳೆಗಾಲದಲ್ಲಿ ಫ್ರೆಂಚ್ ಪಾಲಿಶ್ ಹಾಕಿದರೆ ಬೆಳ್ಳಗಾಗುತ್ತದೆ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಬಿಸಿಯಾಗಿ ಬೆಂಕಿ ಹಿಡಿಯುತ್ತದೆ. ನೀರಿನಲ್ಲಿ ಅದ್ದಿ, ಬಿಡಿಸಿ ಒಣಹಾಕಿ. ಉತ್ಪ್ರೇಕ್ಷೆ ಅಲ್ಲ, ನಮ್ಮ ವರ್ಕ್‌ಶಾಪಿನಲ್ಲಿ ಒಂದು ಡಬ್ಬ ಹೊಗೆಯಾಡಿದ್ದನ್ನು ನಾನೇ ನೋಡಿದ್ದೇನೆ.

ಉಳಿದದ್ದು ಬೇಗ ಹೇಳುತ್ತೇನೆ. ಕಡಪ ಕಲ್ಲು ನಾಲ್ಕಡಿ ಉದ್ದ, ಒಂದಡಿ ಅಗಲದ ತುಂಡೇ ಇಪ್ಪತ್ತು ಕಿಲೋ ತೂಗುತ್ತದೆ. ಸಿಮೆಂಟಿನಲ್ಲಿ ಕೂತ ಕಟ್ಟೆ ಕೀಳುವಾಗ ಒಡೆಯುತ್ತದೆ. ಗೋಡೆಯ ಪಾತ್ರೆ ಹಲಗೆ ಕಡಪದ್ದಾಗಿದ್ದು ಸಡಿಲ ಇದ್ದರೆ ಮಾತ್ರ ತನ್ನಿ, ಬಾಲ್ಕನಿಯಲ್ಲಿ ಕುಂಡ ಇಡಲು ಆಗುತ್ತದೆ. ಕಿಟಕಿಯ ಹಳೆ ಗಾಜು ಒಡೆದರೆ ಕತ್ತಿಯಂತೆ ಚೂರಾಗುತ್ತದೆ, ಬೇಡ. ಹಳೆ ವಯರ್, ಸ್ವಿಚ್ ಪುಕ್ಕಟೆ ಕೊಟ್ಟರೂ ಬೇಡ. ಬಾಲ್ಕನಿಯ ಮೇಲಿನ ಹಳೆ ಸಿಮೆಂಟ್ ಶೀಟನ್ನು ಮುಟ್ಟಲೂ ಬೇಡಿ, ಅದರಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ. ಹಿತ್ತಾಳೆಯ ಚಿಲಕ, ಕೊಂಡಿ ಮಾತ್ರ ಬಿಡಬೇಡಿ. ಅಂಥದ್ದಕ್ಕೆ ಜನ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಅಲೆದು ದುಡ್ಡು ಕೊಡುತ್ತಾರೆ.

ಮಾಡಿನ ಹೆಂಚು ಇಳಿಸುವಾಗ ಒಂದನ್ನು ತಿರುಗಿಸಿ ನೋಡಿ. ಮಂಗಳೂರಿನ ಮುದ್ರೆ ಇರಬಹುದು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮ ಕರಾವಳಿಯ ಹೆಂಚು ಊರೂರಿಗೆ ಹೋಯಿತು. ಸಿಕ್ಕರೆ ಒಂದೆರಡು ಇಟ್ಟುಕೊಳ್ಳಿ, ಬೇರೆ ಉಪಯೋಗ ಏನಿಲ್ಲ, ಮಾವನವರಿಗೆ ಖುಷಿಯಾಗುತ್ತದೆ.

ಖರ್ಚಿನ ಲೆಕ್ಕ. ಮರ ಪುಕ್ಕಟೆ, ಆದರೆ ಪರೇಲಿನಿಂದ ಡೊಂಬಿವಲಿಗೆ ಟೆಂಪೋ ಪುಕ್ಕಟೆ ಅಲ್ಲ. ಸ್ಕ್ರೂ, ಬ್ರ್ಯಾಕೆಟ್, ರಿಮೂವರ್, ಪ್ಲೈ ತುಂಡು, ಒಂದು ಒಳ್ಳೆ ಗರಗಸ, ಇಕ್ಕಳ, ಉಳಿ. ಇದರ ಮೇಲೆ ಕದ ಕತ್ತರಿಸಲು, ಹಲಗೆಗೆ ರಂಧಾ ಹೊಡೆಯಲು ಮಷಿನ್ ಇರುವ ಬಡಗಿಯನ್ನು ಅರ್ಧ ದಿನಕ್ಕೆ ಕರೆಯಿರಿ. ಅಷ್ಟಕ್ಕೆ ಜಿಪುಣತನ ಬೇಡ, ಕದದ ಒಂದು ಕೊಯ್ತ ತಪ್ಪಿದರೆ ಸರಿಮಾಡಲು ಇನ್ನೊಂದು ಬಾಗಿಲಿಲ್ಲ. ಎಲ್ಲ ಸೇರಿಸಿದರೂ 38 ಸಾವಿರದ ಹತ್ತಿರ ಹೋಗುವುದಿಲ್ಲ. ಹೋಗುವುದು ನಿಮ್ಮ ಐದಾರು ಭಾನುವಾರ. ಸೊಸೈಟಿಯ ಸೆಕ್ರೆಟರಿಗೆ ಮೊದಲೇ ಹೇಳಿಡಿ, ಸುತ್ತಿಗೆ ಸದ್ದಿಗೆ ಕೆಳಗಿನ ಮನೆಯವರು ಬರುವ ಮುಂಚೆ.

ಈ ಶನಿವಾರವೇ ಪರೇಲಿಗೆ ಹೋಗಿ ಬನ್ನಿ. ಟೇಪ್, ಚಾಕು, ಸ್ಕ್ರೂಡ್ರೈವರ್, ಕಪ್ಪು ಕಾಗದ, ಮ್ಯಾಗ್ನೆಟ್, ಮತ್ತೆ ಲಿಫ್ಟಿನ ಅಳತೆ ಬರೆದ ಚೀಟಿ ಚೀಲದಲ್ಲಿರಲಿ. ಯಜಮಾನರನ್ನೂ ಕರೆದುಕೊಂಡು ಹೋಗಿ, ಹಲಗೆ ಹಿಡಿಯಲು ಎರಡನೇ ಕೈ ಬೇಕೇ ಬೇಕು.